ಪಾಸ್‌ವರ್ಡ್ ಯಾರ ಹತ್ರ ಐತಿ?

ಕಳೆದ ವರ್ಷ ನವೆಂಬರ್‌ನಲ್ಲಿ ಮುಂಡರಗಿ ಕಡೆಯ ಒಬ್ಬ ಉಳ್ಳಾಗಡ್ಡಿ ಬೆಳೆಗಾರರು ಫೋನ್ ಮಾಡಿದರು. ಎರಡು ವರ್ಷದ ಹಿಂದೆ ಅವರೂರಿನ ಬೆಳೆಹಾನಿ ಬಗ್ಗೆ ನಾನು ಬರೆದಿದ್ದ ವರದಿ ಅವರಿಗೆ ಬೇಕಿತ್ತು. ಯಾವುದೋ ಅರ್ಜಿಯ ಜೊತೆ ಲಗತ್ತಿಸಬೇಕು ಅಂದರು. ಪತ್ರಿಕೆಯಲ್ಲಿ ಆ ಸುದ್ದಿ ಬಂದದ್ದು ನಾಲ್ಕೇ ಸಾಲು. ಪೂರ್ತಿ ವರದಿ, ಫೋಟೊ, ಸರ್ವೆ ನಂಬರುಗಳ ಪಟ್ಟಿ ಎಲ್ಲ ಇದ್ದದ್ದು ನಾವು ಗೆಳೆಯರು ನಡೆಸುತ್ತಿದ್ದ ವೆಬ್‌ಸೈಟಿನಲ್ಲಿ. "ಲಿಂಕ್ ಕಳಸ್ತೀನ್ರಿ ಯಜಮಾನ್ರ" ಅಂದು ಕಳಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಫೋನ್ ಬಂತು. "ಏನ್ರೀ ಸರ, ಇದರಾಗ ಇಸ್ಪೀಟ್ ಆಡೂದು ಬರಾಕತ್ತೈತಲ್ರಿ?"

ತೆರೆದು ನೋಡಿದೆ. ಹೆಸರು ನಮ್ಮದೇ, ಒಳಗಿದ್ದದ್ದು ರಮ್ಮಿ ಜಾಹೀರಾತು. ಡೊಮೇನ್ ಅವಧಿ ಮುಗಿದಿತ್ತು, ಯಾರೂ ಹಣ ಕಟ್ಟಿರಲಿಲ್ಲ, ಬೇರೆ ಯಾರೋ ಆ ಹೆಸರು ಕೊಂಡಿದ್ದರು. ಸರ್ವರ್ ಬಾಡಿಗೆಯೂ ನಿಂತು, ಅದರಲ್ಲಿದ್ದ 300ಕ್ಕೂ ಹೆಚ್ಚು ವರದಿಗಳು ಅಳಿಸಿ ಹೋಗಿದ್ದವು. ಹಳೇ ಫೋನಿನಲ್ಲಿ ಉಳಿದಿದ್ದ ಎರಡು ಫೋಟೊಗಳನ್ನು ಆ ರೈತರಿಗೆ ಕಳಿಸಿದೆ. ಸರ್ವೆ ನಂಬರುಗಳ ಪಟ್ಟಿ ಸಿಗಲೇ ಇಲ್ಲ.

ನಮ್ಮದು ಏಳು ಜನರ ಗುಂಪು. ಗದಗ ಜಿಲ್ಲೆಯ ಏಳು ತಾಲ್ಲೂಕಿಗೆ ಏಳು ಜನ, ಎಲ್ಲರೂ ಸ್ಟ್ರಿಂಗರ್‌ಗಳು. ಡೆಸ್ಕಿನಲ್ಲಿ ಕತ್ತರಿ ಬಿದ್ದ ಕಾಪಿಗಳನ್ನು ಪೂರ್ತಿಯಾಗಿ ಒಂದು ಕಡೆ ಇಡೋಣ ಅಂತ ಆ ಸೈಟ್ ಶುರು ಮಾಡಿದ್ದೆವು. ನಮ್ಮಲ್ಲಿ ಕಂಪ್ಯೂಟರ್ ಚೆನ್ನಾಗಿ ಗೊತ್ತಿದ್ದ ಗೆಳೆಯನೊಬ್ಬ ತನ್ನದೇ ಇಮೇಲ್, ತನ್ನದೇ ಕಾರ್ಡ್ ಬಳಸಿ ಡೊಮೇನ್ ಕೊಂಡ. ಮೊದಲ ದಿನವೇ ಯಾರೋ ಒಂದು ಮಾತು ಕೇಳಿದ್ದರು, ಇದಕ್ಕೊಂದು ನಿಯಮ ಅಂತ ಬರೆದಿಡೋಣವಾ ಎಂದು. "ನಮ್ಮೊಳಗ ಏನ್ ರೂಲ್ಸೋ? ನಾವೇನ್ ಕಂಪನಿ ನಡಸ್ತೀವೇನು?" ಅಂದವನು ನಾನೇ. ಮೂರು ವರ್ಷದ ಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೋದ. ನಂಬರ್ ಬದಲಾಯಿತು. ಸೈಟ್ ಮುಳುಗಿದ್ದು ಗೊತ್ತಾದಾಗ ನನಗೆ ಮೊದಲು ಬಂದದ್ದು ಅವನ ಮೇಲಿನ ಸಿಟ್ಟು.

ಮತ್ತೆ ಶುರು ಮಾಡೋಣ ಅಂತ ಉಳಿದವರು ಸೇರಿದಾಗ, ಈ ಸಲ ಬೈಲಾ ಬರೆಯುವ ಕೆಲಸ ನನಗೇ ಬಿತ್ತು. "ಸಹಕಾರಿ ಸಂಘದ ಎಲೆಕ್ಷನ್ ಎಲ್ಲಾ ನೀನ ಕವರ್ ಮಾಡೀಯಲ್ಲ, ನೀನ ಬರಿ" ಅಂದರು. ನನಗೆ ಕೋಡ್ ಬರೆಯಲು ಬಾರದು. ಆದರೆ ಒಂದು ಪ್ರಶ್ನೆ ತಲೆ ಕೊರೆಯುತ್ತಿತ್ತು. ನಮ್ಮ ಸೈಟ್ ನಡೆಯುತ್ತಿದ್ದದ್ದು ವರ್ಡ್‌ಪ್ರೆಸ್ ಮೇಲೆ. ಅದು ಓಪನ್ ಸೋರ್ಸ್, ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಪ್ರಪಂಚದ ಮೂಲೆಮೂಲೆಯ ಜನ, ಒಬ್ಬರ ಮುಖ ಒಬ್ಬರು ನೋಡದೆ, ದಶಕಗಟ್ಟಲೆ ಇಂಥವನ್ನು ನಡೆಸುತ್ತಿದ್ದಾರೆ. ದಿನಾ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುವ ಏಳು ಜನರಿಗೆ ಒಂದು ಸೈಟ್ ನಡೆಸಲು ಯಾಕೆ ಆಗಲಿಲ್ಲ? ಸಂಜೆ ಕಾಪಿ ಕಳಿಸಿದ ಮೇಲೆ, ಮೂರು ತಿಂಗಳು, ಇಂಥ ಯೋಜನೆಗಳಲ್ಲಿ ತೀರ್ಮಾನ ಯಾರು ಮಾಡುತ್ತಾರೆ ಅಂತ ಓದುತ್ತಾ ಕೂತೆ.

ಮೊದಲು ಲಿನಕ್ಸ್. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರ ತಳದಲ್ಲಿರುವುದು ಇದೇ. 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಇದನ್ನು ಶುರು ಮಾಡಿದರು. ಇವತ್ತಿಗೂ ಕೊನೆಯ ಮಾತು ಅವರದೇ. ಇಂಥವರನ್ನು ಆ ವಲಯದಲ್ಲಿ ತಮಾಷೆಯಾಗಿ 'ಆಜೀವ ದಯಾಳು ಸರ್ವಾಧಿಕಾರಿ' ಅನ್ನುತ್ತಾರೆ. ಹಾಗಂತ ಬರುವ ಪ್ರತಿ ತಿದ್ದುಪಡಿಯನ್ನೂ ಅವರೇ ಓದುವುದಿಲ್ಲ. ಒಂದೊಂದು ವಿಭಾಗಕ್ಕೆ ಒಬ್ಬೊಬ್ಬ ಉಸ್ತುವಾರಿ ಇದ್ದಾರೆ. ಅವರು ನೋಡಿ, ಸೋಸಿ ಮೇಲಕ್ಕೆ ಕಳಿಸುತ್ತಾರೆ. ನಮಗಿದು ಹೊಸದಲ್ಲ. ತಾಲ್ಲೂಕಿನ ಸ್ಟ್ರಿಂಗರ್‌ನ ಕಾಪಿಯನ್ನು ಜಿಲ್ಲಾ ವರದಿಗಾರ ನೋಡುತ್ತಾನೆ, ಆಮೇಲೆ ಡೆಸ್ಕ್, ಆಮೇಲೆ ಸಂಪಾದಕ. ಸಂಪಾದಕರು ನಮ್ಮ ಕಾಪಿ ನಂಬುವುದಿಲ್ಲ, ನಮ್ಮ ಮೇಲಿನವರನ್ನು ನಂಬುತ್ತಾರೆ. ಲಿನಕ್ಸ್ ನಡೆಯುವುದೂ ಹೀಗೇ, ಹೆಚ್ಚುಕಡಿಮೆ ಒಂಬತ್ತು ಹತ್ತು ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ.

ಈ ಪದ್ಧತಿಯ ತೊಂದರೆಯೂ ನಮಗೆ ಗೊತ್ತಿರುವುದೇ: ಮೇಲೆ ಕೂತವರ ಸಿಟ್ಟು. ಟೊರ್ವಾಲ್ಡ್ಸ್ ಬರೆಯುತ್ತಿದ್ದ ಕಟು ಮಾತುಗಳು ಹೆಸರಾಗಿದ್ದವು. 2018ರ ಸೆಪ್ಟೆಂಬರ್‌ನಲ್ಲಿ ಅವರೇ ಕ್ಷಮೆ ಕೇಳಿ ಕೆಲವು ವಾರ ದೂರ ಸರಿದರು. ಸರ್ವಾಧಿಕಾರಿ ರಜೆ ಹೋದ ಆ ಹೊತ್ತಿನಲ್ಲಿ ಏನಾಯಿತು ಅನ್ನುವುದು ನನಗೆ ಮುಖ್ಯವಾಗಿ ಕಂಡಿತು. ಏನೂ ಆಗಲಿಲ್ಲ. ಗ್ರೆಗ್ ಕ್ರೋಹಾರ್ಟ್‌ಮನ್ ಎಂಬ ಹಿರಿಯ ಉಸ್ತುವಾರಿ ಜಾಗ ನೋಡಿಕೊಂಡರು, ಅಕ್ಟೋಬರ್‌ನಲ್ಲಿ 4.19ನೇ ಆವೃತ್ತಿ ಅವರ ಕೈಯಿಂದಲೇ ಬಿಡುಗಡೆಯಾಯಿತು. ಒಬ್ಬರ ಮಾತೇ ಅಂತಿಮವಾಗಿದ್ದ ಮನೆಯಲ್ಲೂ ಬೀಗದ ಕೈ ಇಬ್ಬರ ಹತ್ತಿರ ಇತ್ತು. ನಮ್ಮಲ್ಲಿ ಹಾಗಿರಲಿಲ್ಲ.

ಅದೇ 2018ರಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇನ್ನೊಂದು ಘಟನೆ ನಡೆಯಿತು. ಅದನ್ನು ಹುಟ್ಟುಹಾಕಿದ ಗೀಡೊ ವಾನ್ ರಾಸಮ್ ಅವರೂ ಇಂಥದೇ ದಯಾಳು ಸರ್ವಾಧಿಕಾರಿ. ಭಾಷೆಗೆ ಒಂದು ಸಣ್ಣ ಹೊಸ ಚಿಹ್ನೆ ಸೇರಿಸುವ ಪ್ರಸ್ತಾವನೆ, ಪೆಪ್ 572, ದೊಡ್ಡ ಜಗಳವಾಯಿತು. ಅವರು ಅದನ್ನು ಒಪ್ಪಿ ಮುಗಿಸಿದರು. ಆದರೆ ಆ ಜಗಳದಲ್ಲಿ ದಣಿದು ಜುಲೈ 12ರಂದು ಅಧಿಕಾರ ಬಿಡುತ್ತೇನೆ ಅಂತ ಬರೆದರು. ಉತ್ತರಾಧಿಕಾರಿಯನ್ನು ನಾನು ಹೆಸರಿಸುವುದಿಲ್ಲ, ಪ್ರಜಾಪ್ರಭುತ್ವವೋ ಇನ್ನೊಂದೋ ನೀವೇ ನೋಡಿಕೊಳ್ಳಿ ಅಂತ ಉಳಿದವರ ಮೇಲೆ ಬಿಟ್ಟರು.

ಉಳಿದವರು ಓಡಿ ಹೋಗಲಿಲ್ಲ. ಮುಂದೆ ಹೇಗೆ ನಡೆಸಬೇಕು ಅನ್ನುವುದಕ್ಕೆ ಏಳು ಪ್ರಸ್ತಾವನೆಗಳನ್ನು ಬರೆದರು. ಅದರಲ್ಲಿ ಮತ್ತೊಬ್ಬ ಸರ್ವಾಧಿಕಾರಿಯನ್ನು ಆರಿಸೋಣ ಅನ್ನುವುದೂ ಇತ್ತು. ಡಿಸೆಂಬರ್‌ನಲ್ಲಿ ಮತ ಹಾಕಿ ಒಂದನ್ನು ಆರಿಸಿದರು: ಐದು ಜನರ ಒಂದು ಮಂಡಳಿ, ಪ್ರತಿ ದೊಡ್ಡ ಆವೃತ್ತಿಗೊಮ್ಮೆ ಚುನಾವಣೆ, ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಮಂಡಳಿ ತನ್ನ ಅಧಿಕಾರವನ್ನು ಆದಷ್ಟು ಕಡಿಮೆ ಬಳಸಬೇಕು ಅಂತಲೂ ಬರೆದುಕೊಂಡರು. ಮೂರನೇ ಎರಡರಷ್ಟು ಮತ ಬಿದ್ದರೆ ಅವಿಶ್ವಾಸ ನಿರ್ಣಯದಲ್ಲಿ ಮಂಡಳಿಯನ್ನು ಇಳಿಸಬಹುದು. 2019ರ ಆರಂಭದಲ್ಲಿ ಮೊದಲ ಮಂಡಳಿ ಬಂತು. ಆರಿಸಿ ಬಂದ ಐವರಲ್ಲಿ ಗೀಡೊ ಕೂಡ ಒಬ್ಬರು. ಸಿಂಹಾಸನ ಬಿಟ್ಟವರು ಸದಸ್ಯರಾಗಿ ಬಂದು ಕೂತರು. ನಮ್ಮ ಕಡೆ ಸಂಘದ ಅಧ್ಯಕ್ಷಗಿರಿ ಹೋದ ಮೇಲೆ ಮೀಟಿಂಗಿಗೇ ಬಾರದವರನ್ನು ನೋಡಿ ನೋಡಿ ಸಾಕಾಗಿದ್ದ ನನಗೆ ಇದು ಬಹಳ ಇಷ್ಟವಾಯಿತು.

ಡೆಬಿಯನ್ ಓದಿದಾಗ ನನಗೆ ನಮ್ಮ ಜಿಲ್ಲೆಯ ಕಣಗಿನಹಾಳ ನೆನಪಾಯಿತು. 1905ರಲ್ಲಿ ಸಿದ್ಧನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ನಿಮಗೆಲ್ಲ ಗೊತ್ತು. ಸಂಘ ಅಂದರೆ ಬೈಲಾ, ಬೈಲಾ ಅಂದರೆ ಕೋರಂ, ಠರಾವು, ಮತ. ಡೆಬಿಯನ್ ಕೂಡ ಲಿನಕ್ಸ್ ಮೇಲೆ ಕಟ್ಟಿದ ಒಂದು ಆಪರೇಟಿಂಗ್ ಸಿಸ್ಟಮ್, ಇಯಾನ್ ಮುರ್ಡಾಕ್ 1993ರಲ್ಲಿ ಶುರು ಮಾಡಿದ್ದು. ಅದಕ್ಕೆ 1998ರಿಂದ ಲಿಖಿತ ಸಂವಿಧಾನವೇ ಇದೆ. ಪ್ರತಿ ವರ್ಷ ಸದಸ್ಯರು ಮತ ಹಾಕಿ ನಾಯಕನನ್ನು ಆರಿಸುತ್ತಾರೆ. ಮತಪತ್ರದಲ್ಲಿ 'ಇವರಲ್ಲಿ ಯಾರೂ ಬೇಡ' ಅನ್ನುವುದೂ ಇರುತ್ತದೆ. ನಮ್ಮ ನೋಟಾ ಹಾಗೆ. ಆದರೆ ವಿಧಾನಸಭಾ ಚುನಾವಣೆಯಲ್ಲಿ ನೋಟಾಗೆ ಎಷ್ಟೇ ಮತ ಬಿದ್ದರೂ ಉಳಿದವರಲ್ಲೊಬ್ಬರು ಗೆದ್ದೇ ಗೆಲ್ಲುತ್ತಾರೆ. ಅಲ್ಲಿ 'ಯಾರೂ ಬೇಡ' ನಿಜಕ್ಕೂ ಗೆಲ್ಲಬಹುದು.

ಅಲ್ಲಿಯ ನಾಯಕನಿಗೆ ಅಧಿಕಾರ ಕಡಿಮೆ. ಯಾರಿಗೂ ಈ ಕೆಲಸ ಮಾಡು ಅಂತ ಅಪ್ಪಣೆ ಕೊಡುವಂತಿಲ್ಲ, ಯಾರ ಮೇಲೂ ಕೆಲಸ ಹೇರುವಂತಿಲ್ಲ ಅಂತ ಸಂವಿಧಾನವೇ ಹೇಳುತ್ತದೆ. ದೊಡ್ಡ ವಿಷಯಕ್ಕೆ ಎಲ್ಲ ಸದಸ್ಯರ ಮತ. ಇಷ್ಟೆಲ್ಲ ನಿಯಮ ಇದ್ದರೂ ಕಷ್ಟ ತಪ್ಪಿಲ್ಲ. 2014ರಲ್ಲಿ ಕಂಪ್ಯೂಟರ್ ಆನ್ ಆಗುವಾಗ ಮೊದಲು ಯಾವ ತಂತ್ರಾಂಶ ಓಡಬೇಕು ಅನ್ನುವ ವಿಷಯಕ್ಕೆ ಎಂಟು ಜನರ ತಾಂತ್ರಿಕ ಸಮಿತಿ ಸಮಸಮ ಒಡೆಯಿತು. ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ಆಗುವ ಹಾಗೆ ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು. ಒಪ್ಪದ ಕೆಲವರು ಆ ವರ್ಷದ ಕೊನೆಗೆ ಹೊರಬಿದ್ದು ಡೆವುವಾನ್ ಅಂತ ಬೇರೆ ಮಾಡಿಕೊಂಡರು. 2019ರಲ್ಲಂತೂ ನಾಯಕನ ಚುನಾವಣೆಗೆ ಮೊದಲ ಅವಧಿಯಲ್ಲಿ ಒಂದೂ ನಾಮಪತ್ರ ಬರಲಿಲ್ಲ. ಅವಧಿ ಮುಂದೂಡಬೇಕಾಯಿತು. ಕುರ್ಚಿಗೆ ಜಗಳ ಆಗುವುದನ್ನೇ ವರದಿ ಮಾಡಿದ ನಮಗೆ, ಕುರ್ಚಿ ಇದೆ ಕೂರುವವರಿಲ್ಲ ಅನ್ನುವ ಸುದ್ದಿ ವಿಚಿತ್ರವಾಗಿ ಕಾಣುತ್ತದೆ. ಆದರೆ ನಮ್ಮ ಸೈಟಿನಲ್ಲಿ ಆಗಿದ್ದೂ ಅದೇ ಅಂತ ಆಗ ಹೊಳೆಯಲಿಲ್ಲ.

ಅಪಾಚೆ ಸಂಸ್ಥೆಯದು ಮತ್ತೊಂದು ದಾರಿ. ವೆಬ್ ಸರ್ವರ್ ಬರೆಯುತ್ತಿದ್ದವರ ಒಂದು ಗುಂಪು 1999ರಲ್ಲಿ ಫೌಂಡೇಶನ್ ಆಯಿತು. ಅಲ್ಲಿ ಸದಸ್ಯತ್ವ ಕಂಪನಿಗಳಿಗಿಲ್ಲ, ವ್ಯಕ್ತಿಗಳಿಗೆ ಮಾತ್ರ. ಮತ ಹಾಕುವುದು +1, 0, -1 ಅಂತ. ಕೋಡ್ ಬದಲಾವಣೆಗೆ -1 ಹಾಕಿದರೆ ಅದು ತಡೆ, ಆದರೆ ತಾಂತ್ರಿಕ ಕಾರಣ ಬರೆಯಲೇಬೇಕು. ಸುಮ್ಮನೆ 'ಬೇಡ' ಅಂದರೆ ಲೆಕ್ಕಕ್ಕಿಲ್ಲ. ಮತಕ್ಕೆ ಸಾಮಾನ್ಯವಾಗಿ 72 ಗಂಟೆ ಕೊಡುತ್ತಾರೆ, ಬೇರೆ ಬೇರೆ ಖಂಡದಲ್ಲಿ ಮಲಗಿರುವವರು, ವಾರದ ರಜೆಯಲ್ಲಿರುವವರು ನೋಡಲಿ ಅಂತ. ಸಣ್ಣ ವಿಷಯಗಳಲ್ಲಿ ಹೇಳಿದ ಅವಧಿಯೊಳಗೆ ಯಾರೂ ಆಕ್ಷೇಪಿಸದಿದ್ದರೆ ಮೌನವೇ ಸಮ್ಮತಿ. ತೀರ್ಮಾನಗಳೆಲ್ಲ ಎಲ್ಲರೂ ಓದುವ ಜಾಗದಲ್ಲಿ ಬರಹದಲ್ಲಿ ಆಗಬೇಕು. ಇಬ್ಬರು ಫೋನಿನಲ್ಲಿ ಮಾತಾಡಿ ಮುಗಿಸಿದ್ದು ತೀರ್ಮಾನವಲ್ಲ. ಚಹಾದಂಗಡಿಯಲ್ಲಿ ಮೂವರು ಸೇರಿ ಮಾತಾಡಿದ್ದನ್ನೇ 'ಎಲ್ಲಾರೂ ಒಪ್ಯಾರ' ಅಂತ ಗುಂಪಿಗೆ ಹಾಕುತ್ತಿದ್ದ ನಾವು ಇದನ್ನು ಮೊದಲೇ ಕಲಿಯಬೇಕಿತ್ತು.

ಇಷ್ಟು ಓದಿದ ಮೇಲೆ ಇವುಗಳಲ್ಲಿ ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಯನ್ನು ನಾನು ಬಿಟ್ಟೆ. ಓಪನ್ ಸೋರ್ಸ್‌ನಲ್ಲಿ ಕೋಡ್ ಯಾರದೂ ಅಲ್ಲ, ಎಲ್ಲರದೂ ಹೌದು. ಜಗಳವಾದರೆ ನಕಲು ತೆಗೆದುಕೊಂಡು ಬೇರೆ ಮನೆ ಮಾಡಬಹುದು. ಅದನ್ನು 'ಫೋರ್ಕ್' ಅನ್ನುತ್ತಾರೆ, ನಾವು ಕವಲೊಡೆಯುವುದು ಅನ್ನಬಹುದು. ಈ ದಾರಿ ಸದಾ ತೆರೆದಿರುವುದರಿಂದಲೇ ಎಂಥ ಸರ್ವಾಧಿಕಾರಿಯೂ ಒಂದು ಮಿತಿಯಲ್ಲಿರುತ್ತಾನೆ. ಆದರೆ ನಕಲು ಮಾಡಲು ಬಾರದ ಕೆಲವು ಇವೆ: ಹೆಸರು, ಪಾಸ್‌ವರ್ಡ್, ಇಷ್ಟು ವರ್ಷ ಕೆಲಸ ಮಾಡಿದ ಜನ. ನಿಯಮ ಬೇಕಾಗುವುದು ಇವುಗಳಿಗೆ.

ನಾನು ಕಾಪಿ ಟೈಪ್ ಮಾಡುವ ಲಿಬ್ರೆಆಫೀಸ್ ಕಥೆ ನೋಡಿ. ಮೊದಲು ಅದು ಓಪನ್‌ಆಫೀಸ್. ಅದನ್ನು ಪೋಷಿಸುತ್ತಿದ್ದ ಸನ್ ಕಂಪನಿಯನ್ನು 2010ರ ಜನವರಿಯಲ್ಲಿ ಒರಾಕಲ್ ಕೊಂಡಿತು. ಹೆಸರು ಈಗ ಒರಾಕಲ್ ಕೈಯಲ್ಲಿ. ಮುಂದೇನೋ ಅನ್ನುವ ಆತಂಕದಲ್ಲಿ ಕೆಲಸಗಾರರಲ್ಲಿ ಬಹಳ ಜನ ಸೆಪ್ಟೆಂಬರ್ 28ರಂದು ಡಾಕ್ಯುಮೆಂಟ್ ಫೌಂಡೇಶನ್ ಘೋಷಿಸಿದರು. ಕೋಡ್ ಒಯ್ದರು, ಹೆಸರು ಒಯ್ಯಲಾಗಲಿಲ್ಲ. ಅದಕ್ಕೇ ಲಿಬ್ರೆಆಫೀಸ್ ಎಂಬ ಹೊಸ ಹೆಸರು. 2011ರ ಫೆಬ್ರುವರಿಯಲ್ಲಿ ಸಂಸ್ಥೆಯ ಮೂಲಧನಕ್ಕೆ ಜನರ ಮುಂದೆ ಕೈಚಾಚಿದಾಗ ಎಂಟೇ ದಿನದಲ್ಲಿ 50,000 ಯೂರೊ ಕೂಡಿತು. ಹಳೇ ಹೆಸರನ್ನು ಒರಾಕಲ್ ಅದೇ ವರ್ಷ ಅಪಾಚೆಗೆ ಕೊಟ್ಟಿತು. ಓಪನ್‌ಆಫೀಸ್‌ನ 4.1 ಆವೃತ್ತಿ 2014ರಲ್ಲಿ ಬಂತು, ಅಲ್ಲಿಂದ ಈಚೆಗೆ ಸಣ್ಣ ತಿದ್ದುಪಡಿಗಳಷ್ಟೇ. ಅಪಾಚೆಯ ನಿಯಮಗಳು ಚೆನ್ನಾಗಿಯೇ ಇದ್ದವು, ಹೆಸರೂ ದೊಡ್ಡದು. ದುಡಿಯುವ ಕೈಗಳು ಬೇರೆ ಕಡೆ ಹೋಗಿದ್ದವು.

ನಾವು ಬಳಸಿದ ವರ್ಡ್‌ಪ್ರೆಸ್ ಕೂಡ ಹುಟ್ಟಿದ್ದು ಕವಲಾಗಿಯೇ. ಬಿ2 ಎಂಬ ತಂತ್ರಾಂಶದ ಕೆಲಸ ನಿಂತಾಗ 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನು ಎತ್ತಿಕೊಂಡು ಬೆಳೆಸಿದರು. ಕೋಡ್ ಎಲ್ಲರದು. ಆದರೆ ಪ್ಲಗಿನ್‌ಗಳು, ಅಪ್‌ಡೇಟ್‌ಗಳು ಸಿಗುವ ವರ್ಡ್‌ಪ್ರೆಸ್ ಡಾಟ್ ಆರ್ಗ್ ಜಾಲತಾಣ ಮುಲೆನ್‌ವೆಗ್ ಅವರ ಸ್ವಂತದ್ದು. 2024ರ ಸೆಪ್ಟೆಂಬರ್‌ನಲ್ಲಿ ಡಬ್ಲ್ಯೂಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯ ಜೊತೆ ಟ್ರೇಡ್‌ಮಾರ್ಕ್ ವ್ಯಾಜ್ಯ ಎದ್ದಾಗ, ಆ ಕಂಪನಿಗೆ ಜಾಲತಾಣದ ಬಾಗಿಲು ಮುಚ್ಚಲಾಯಿತು. ಅದನ್ನು ನಂಬಿದ್ದ ಗಿರಾಕಿಗಳ ಸೈಟುಗಳಿಗೂ ಬಿಸಿ ತಟ್ಟಿತು. ವಿಷಯ ಕೋರ್ಟಿಗೆ ಹೋಗಿ, ಬಾಗಿಲು ತೆರೆಯಬೇಕು ಅಂತ ಡಿಸೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂತು. ಇಬ್ಬರಲ್ಲಿ ಯಾರದು ಸರಿ ಅನ್ನುವುದು ಕೋರ್ಟಿನ ವಿಷಯ. ಬಾಗಿಲೊಂದು ಒಬ್ಬರದೇ ಅನ್ನುವುದು ಬಹಳ ಜನರಿಗೆ ಅರಿವಾದದ್ದು ಅದು ಮುಚ್ಚಿದ ದಿನ, ನನಗೆ ರಮ್ಮಿ ಜಾಹೀರಾತು ಕಂಡ ದಿನ ಆದ ಹಾಗೆ.

ಕೊನೆಗೆ ಓದಿದ್ದು ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದ ಬಗ್ಗೆ. ಫೈಲುಗಳನ್ನು ಕುಗ್ಗಿಸುವ ಕೆಲಸ ಅದರದು. ಲಿನಕ್ಸ್ ಇರುವ ಕಡೆಯೆಲ್ಲ ಹೆಚ್ಚುಕಡಿಮೆ ಇದೂ ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸ್ ಕಾಲಿನ್ ಒಬ್ಬರೇ, ಸಂಬಳವಿಲ್ಲದೆ. ಅವರಿಗೆ ಸಾಕಾಗಿತ್ತು. ಕೆಲಸ ತಡವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ ಅಂತ ಗುರುತಿಲ್ಲದ ಹೆಸರುಗಳಿಂದ ಒತ್ತಡ ಬೀಳುತ್ತಿತ್ತು. ಆಗ ಜಿಯಾ ತಾನ್ ಎಂಬ ಹೆಸರಿನಲ್ಲಿ ಒಬ್ಬರು ಸಹಾಯಕ್ಕೆ ಬಂದು, ಎರಡು ವರ್ಷ ಶ್ರದ್ಧೆಯಿಂದ ಕೆಲಸ ಮಾಡಿ, ನಂಬಿಕೆ ಗಳಿಸಿ ಕೀಲಿ ಪಡೆದರು. ಆಮೇಲೆ ಅದರೊಳಗೆ ಗುಟ್ಟಾಗಿ ಹಿಂಬಾಗಿಲು ಇಟ್ಟರು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್ ಅದನ್ನು ಬಯಲು ಮಾಡಿದರು. ತಮ್ಮ ಕಂಪ್ಯೂಟರಿನಲ್ಲಿ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದ್ದದ್ದು ಯಾಕೆ ಅಂತ ಕೆದಕುತ್ತಾ ಹೋಗಿ ಸಿಕ್ಕಿದ್ದು ಅದು. ಜಗತ್ತೇ ನಂಬಿದ್ದ ವಸ್ತುವಿಗೆ ದಣಿದ ಒಬ್ಬ ಮನುಷ್ಯ ಬಿಟ್ಟರೆ ಗತಿ ಇರಲಿಲ್ಲ.

ಅದನ್ನು ಓದಿದ ರಾತ್ರಿ ನಾನು ನಮ್ಮ ಹಳೇ ವಾಟ್ಸಾಪ್ ಗುಂಪನ್ನು ತೆರೆದೆ. ಮೇಲಕ್ಕೆ ಸರಿಸುತ್ತಾ ಹೋದೆ. ಗೆಳೆಯನ ಸಂದೇಶ ಸಿಕ್ಕಿತು: "ರಿನೀವಲ್ ಬಂದೈತಿ. ನನಗ ಒಬ್ಬನ್ಗ ಆಗವಲ್ದು. ಯಾರರ ಒಬ್ರು ತಗೊಳ್ರಿ, ಪಾಸ್‌ವರ್ಡ್ ಕೊಡ್ತೀನಿ." ಕೆಳಗೆ ಆರು ಹೆಬ್ಬೆಟ್ಟು. ಅದರಲ್ಲಿ ಒಂದು ನನ್ನದು. ಅದಕ್ಕೂ ಮೊದಲು ಇಂಥವೇ ಇನ್ನೆರಡು ಸಂದೇಶ. ನಮ್ಮ ಮೌನವೂ ಸಮ್ಮತಿಯೇ ಆಗಿತ್ತು, ಅವನೊಬ್ಬನೇ ಹೊರಲಿ ಅನ್ನುವುದಕ್ಕೆ.

ಅವನ ಅಣ್ಣನಿಂದ ನಂಬರ್ ತಗೊಂಡು ಫೋನ್ ಮಾಡಿದೆ. ಸಿಟ್ಟಿಲ್ಲದೆ ಮಾತಾಡಿದ. "ಮೂರು ಸಲ ಹೇಳಿದ್ನೆಪಾ" ಅಂದ. "ನೋಡಿದೆ" ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ ಹೇಳಿದ, ಊರಿನ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್ ಇದೆ, ಮೊದಲ ಒಂದೂವರೆ ವರ್ಷದ್ದು ಅದರಲ್ಲಿರಬಹುದು ಅಂತ. ಹೋಗಿ ತಂದೆವು. 140 ವರದಿಗಳು ಸಿಕ್ಕವು. ಉಳ್ಳಾಗಡ್ಡಿ ಬೆಳೆಗಾರರದು ಅದರಲ್ಲಿಲ್ಲ.

ನಾನು ಬರೆದ ಬೈಲಾ ಒಂದೇ ಪುಟ. ಡೊಮೇನ್ ಗುಂಪಿನ ಹೆಸರಿನ ಇಮೇಲಿನಲ್ಲಿರಬೇಕು, ಯಾರ ಸ್ವಂತದ್ದರಲ್ಲೂ ಅಲ್ಲ. ಪಾಸ್‌ವರ್ಡ್ ಬೇರೆ ಬೇರೆ ತಾಲ್ಲೂಕಿನ ಮೂವರ ಹತ್ತಿರ ಇರಬೇಕು, ಒಂದೇ ಪತ್ರಿಕೆಯವರು ಇಬ್ಬರಿಗಿಂತ ಹೆಚ್ಚು ಬೇಡ. ಜವಾಬ್ದಾರಿ ಒಂದು ವರ್ಷಕ್ಕೆ, ಆಮೇಲೆ ಮತ. ಯಾವ ತೀರ್ಮಾನಕ್ಕೂ ಮೂರು ದಿನ ಸಮಯ, ಬೇಡ ಅನ್ನುವವರು ಕಾರಣ ಬರೆಯಬೇಕು. ಎಲ್ಲ ವರದಿಗಳ ನಕಲು ತಿಂಗಳಿಗೊಮ್ಮೆ ಏಳೂ ಜನರಿಗೆ ಹೋಗಬೇಕು, ಜಗಳವಾಗಿ ಯಾರಾದರೂ ಬೇರೆ ಸೈಟ್ ಮಾಡಿದರೂ ವರದಿ ಉಳಿಯಲಿ. ಕೊನೆಯದು: ಯಾರಾದರೂ 'ನನಗ ಆಗವಲ್ದು' ಅಂತ ಬರೆದರೆ ಅದಕ್ಕೆ ಹೆಬ್ಬೆಟ್ಟು ಒತ್ತುವಂತಿಲ್ಲ. ಏಳು ದಿನದೊಳಗೆ ಇನ್ನೊಬ್ಬರ ಹೆಸರು ಬರಬೇಕು, ಬಾರದಿದ್ದರೆ ಚೀಟಿ ಎತ್ತಬೇಕು.

ಕಳೆದ ಭಾನುವಾರ ಎಲ್ಲರೂ ಸಹಿ ಹಾಕಿದರು. ಗೆಳೆಯ ಬೆಂಗಳೂರಿನಿಂದ ವಿಡಿಯೊ ಕಾಲ್‌ನಲ್ಲಿದ್ದ. ಪಾಸ್‌ವರ್ಡ್ ತನಗೆ ಬೇಡ, ತಿಂಗಳ ನಕಲು ಮಾತ್ರ ತನಗೂ ಕಳಿಸಿರಿ ಅಂದ. ಮೊದಲ ವರ್ಷದ ಚೀಟಿಯಲ್ಲಿ ರೋಣ, ನರಗುಂದ ಮತ್ತು ನನ್ನ ಹೆಸರು ಬಂದಿದೆ. ಹೊಸ ಡೊಮೇನಿನ ಹಣ ಕಟ್ಟಬೇಕಾದ ದಿನಾಂಕವನ್ನು ನನ್ನ ಫೋನಿನ ಕ್ಯಾಲೆಂಡರಿನಲ್ಲಿ ಹಾಕಿದ್ದೇನೆ, ಉಳಿದ ಇಬ್ಬರ ಫೋನಿನಲ್ಲೂ ನಾನೇ ಕೂತು ಹಾಕಿಸಿದ್ದೇನೆ.